ಕೊಲ್ಹಾಪುರದಲ್ಲಿ ಎಲ್ಲಿ ಚಹಾ ಕುಡಿಯಬೇಕು?

ಅಥಣಿ ತಾಲ್ಲೂಕಿನ ನಮ್ಮ ಅನಂತಪುರದ ಕಡೆಯವರಿಗೆ ಕೊಲ್ಹಾಪುರ ಪರವೂರು ಅಂತ ಅನಿಸೋದೇ ಇಲ್ಲ. ಮಹಾಲಕ್ಷ್ಮಿ ದರ್ಶನ, ಜೋತಿಬಾನ ಗುಡ್ಡ, ಮದುವೆ ಜವಳಿ, ದವಾಖಾನೆ... ಏನಾದರೊಂದು ನೆಪ ಇದ್ದೇ ಇರುತ್ತೆ. ಗುಡಿ ಸುತ್ತಲಿನ ಅಂಗಡಿಗಳಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ವ್ಯಾಪಾರ ನಡೆದುಹೋಗುತ್ತೆ. ಶಿಲಾಹಾರ ಅರಸರು ಆ ಊರಲ್ಲಿ ಕನ್ನಡದಲ್ಲೂ ಶಾಸನ ಹಾಕಿಸಿದ್ದರು ಅನ್ನೋದು ಗೊತ್ತಿದ್ದವರಿಗೆ ಇದರಲ್ಲಿ ಅಚ್ಚರಿಯೂ ಇಲ್ಲ.

ನಾನು ಆ ಊರಿಗೆ ಸ್ವಲ್ಪ ಜಾಸ್ತಿಯೇ ಓಡಾಡಿದವನು. ಹಾಗಾಗಿ ಊರಿಂದ ಯಾರೇ ಹೊರಟರೂ ಮೊದಲು ನನಗೆ ಫೋನ್ ಮಾಡ್ತಾರೆ. ಪ್ರಶ್ನೆ ಒಂದೇ: "ತಮ್ಮಾ, ಗುಡಿ ಹತ್ರ ಊಟಕ್ಕ ಎಲ್ಲಿ ಛಲೋ ಅದ?"

ಉತ್ತರ ಕೇಳಿದವರ ಮೇಲೆ ನಿಂತಿದೆ. ಖಾರ ತಡೆಯೋ ಗಟ್ಟಿಗರಾದರೆ ಬೆಳಗ್ಗೆ ಮಿಸಳ. ಮಾಂಸ ತಿನ್ನೋರಾದರೆ ತಾಂಬಡಾ-ಪಾಂಢರಾ ರಸ್ಸಾ, ಅಂದರೆ ಕೆಂಪು ಸಾರು, ಬಿಳಿ ಸಾರು. ಸಂಜೆಗೆ ಖಾಸಬಾಗ ಕುಸ್ತಿ ಮೈದಾನದ ಹತ್ತಿರ ಭೇಳ. ರಾತ್ರಿ ಗಂಗಾವೇಶಿಯಲ್ಲಿ ಎಮ್ಮೆ ಎದುರಿಗೇ ನಿಂತಿರುತ್ತೆ, ಕರೆದು ಬಿಸಿಬಿಸಿ ನೊರೆಹಾಲು ಕೊಡ್ತಾರೆ. ಪೈಲ್ವಾನರ ಊರಲ್ಲವೇ! ಇಷ್ಟು ಹೇಳಿದರೆ ಫೋನ್ ಮಾಡಿದವರಿಗೆ ಸಮಾಧಾನ. ಆದರೆ ನನಗೆ ಮಾತ್ರ ಇನ್ನೊಂದು ಜಾಗದ ಹೆಸರು ಹೇಳಬೇಕು ಅನಿಸುತ್ತೆ. ತೊಂದರೆ ಏನಂದ್ರೆ ಅಲ್ಲಿಗೆ ಹೋಗಿ ಈಗ ಚಹಾ ಕುಡಿಯೋಕೆ ಆಗಲ್ಲ. ಅದು ನೂರು ವರ್ಷದ ಹಿಂದೆ ಭಾವುಸಿಂಗಜಿ ರಸ್ತೆಯಲ್ಲಿದ್ದ ಗಂಗಾರಾಮ ಕಾಂಬಳೆ ಅವರ ಹೋಟೆಲ್.

ಆ ಕತೆಗೆ ಬರೋ ಮುಂಚೆ ಒಂದು ಮಾತು. 'ಎಲ್ಲಿ ಛಲೋ ಅದ' ಅಂತ ನಾವು ಕೇಳ್ತೀವಲ್ಲ, ಈ ಪ್ರಶ್ನೆಗೆ ಅಂಥ ವಯಸ್ಸೇನೂ ಆಗಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಶ್ನೆ ಬೇರೆ ಇತ್ತು: 'ನಮಗ ಎಲ್ಲಿ ನಡೀತದ?' ಪರವೂರಿಗೆ ಹೋದವರು ಊಟದ ಜಾಗ ಆರಿಸ್ತಿರಲಿಲ್ಲ, ಬೋರ್ಡು ಓದ್ತಿದ್ದರು. ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಹೋಟೆಲು, ಮರಾಠಾ ಖಾನಾವಳಿ... ಒಳಗೆ ಏನು ಬೇಯುತ್ತೆ ಅನ್ನೋದರ ಜೊತೆಗೇ ಯಾರು ಬೇಯಿಸ್ತಾರೆ, ಯಾರ ಪಂಕ್ತಿಯಲ್ಲಿ ಕೂರಬೇಕಾಗುತ್ತೆ ಅನ್ನೋದನ್ನೂ ಬೋರ್ಡೇ ಹೇಳ್ತಿತ್ತು. ನಮ್ಮ ಕುಡಚಿ, ರಾಯಬಾಗದ ಮೇಲೆ ಮಿರಜಿಗೆ ಹೋಗುವಂಥ ರೈಲು ದಾರಿಗಳು ಬಂದ ಮೇಲೆ ದೇಶದ ಸ್ಟೇಷನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸ್ಲಿಂ ನೀರು ಬೇರೆ ಆಯ್ತು. ಬಂಡಿ ಒಂದೇ, ಹಳಿ ಒಂದೇ, ಬಾಯಾರಿಕೆ ಮಾತ್ರ ಬೇರೆ ಬೇರೆ!

ಲಿಂಗಾಯತ ಖಾನಾವಳಿ ಅನ್ನೋ ಬೋರ್ಡು ಉತ್ತರ ಕರ್ನಾಟಕದಲ್ಲಿ ಈಗಲೂ ಕಾಣುತ್ತೆ. ಇವತ್ತು ಅದನ್ನು ಓದೋರಿಗೆ ಅದರ ಅರ್ಥ ಇಷ್ಟೇ: ಮಾಂಸ ಇಲ್ಲ, ಬಿಸಿ ಜೋಳದ ರೊಟ್ಟಿ ಇದೆ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು ಸಿಗುತ್ತೆ. ಯಾರೂ ಯಾರ ಜಾತಿ ಕೇಳಲ್ಲ. ನಾನೂ ಅಲ್ಲಿ ಎಷ್ಟೋ ಸಲ ಹೊಟ್ಟೆ ತುಂಬ ಉಂಡಿದ್ದೀನಿ. ಬೋರ್ಡಿನ ಮೇಲಿನ ಪದ ಹಾಗೇ ಉಳಿದು ಅರ್ಥ ಸವೆದುಹೋಗಿದೆ ಅಂತ ನನ್ನ ಅಂದಾಜು. ಆದರೆ ಯಾರ ಹೆಸರಿನ ಬೋರ್ಡು ಆ ಕಾಲದಲ್ಲಿ ಎಲ್ಲೂ ಇರಲಿಲ್ಲವೋ ಅವರಿಗೂ ಅದು ಹಾಗೇ ಸವೆದಿದೆಯಾ? ಅದನ್ನು ನಾನು ಹೇಳೋಕೆ ಬರಲ್ಲ, ಅವರೇ ಹೇಳಬೇಕು.

ಶಾಹೂ ಮಹಾರಾಜರು 1894ರಲ್ಲಿ ಕೊಲ್ಹಾಪುರ ಸಂಸ್ಥಾನದ ಅಧಿಕಾರ ವಹಿಸಿಕೊಂಡರು. 1899ರಲ್ಲಿ ಪಂಚಗಂಗಾ ನದಿಗೆ ಸ್ನಾನಕ್ಕೆ ಹೋದಾಗ ಪುರೋಹಿತ ವೇದಮಂತ್ರ ಬಿಟ್ಟು ಪುರಾಣದ ಮಂತ್ರ ಹೇಳ್ತಿದ್ದ. ಕೇಳಿದ್ದಕ್ಕೆ, ಶೂದ್ರರಿಗೆ ಇದೇ ಸಾಕು ಅಂದನಂತೆ. ಛತ್ರಪತಿ ಶಿವಾಜಿಯ ಗಾದಿ ಮೇಲೆ ಕೂತವರಿಗೇ ಈ ಮಾತು! 'ವೇದೋಕ್ತ ಪ್ರಕರಣ' ಅಂತ ಮಹಾರಾಷ್ಟ್ರದ ಇತಿಹಾಸದಲ್ಲಿ ದೊಡ್ಡದಾಗಿ ಬರೋದು ಇದೇ. 1902ರ ಜುಲೈ 26ರಂದು ಸಂಸ್ಥಾನದ ನೌಕರಿಯಲ್ಲಿ ಶೇಕಡಾ 50ರಷ್ಟು ಹಿಂದುಳಿದವರಿಗೆ ಅಂತ ಆಜ್ಞೆ ಹೊರಡಿಸಿದ್ದು ಇದೇ ಅರಸರು.

ಗಂಗಾರಾಮ ಕಾಂಬಳೆ ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ದಲಿತ. ಒಂದು ದಿನ ಮರಾಠಾ ನೌಕರರಿಗೆ ಮೀಸಲಿದ್ದ ನೀರಿನ ತೊಟ್ಟಿ ಮುಟ್ಟಿದ ಅಂತ ಅಲ್ಲಿದ್ದವರೇ ಅವರನ್ನು ಬೆನ್ನು ಸುಲಿಯೋ ಹಾಗೆ ಹೊಡೆದರು. ಆಗ ಮಹಾರಾಜರು ಊರಲ್ಲಿರಲಿಲ್ಲ. ವಾಪಸ್ ಬಂದ ಮೇಲೆ ಗಂಗಾರಾಮ ಹೋಗಿ ಬೆನ್ನು ತೋರಿಸಿದರು. ಮಹಾರಾಜರು ಅವರಿಗೆ ಈ ಚಾಕರಿ ಬಿಟ್ಟು ಸ್ವಂತ ಉದ್ಯೋಗ ಮಾಡು ಅಂತ ಹೇಳಿ ಸಹಾಯಕ್ಕೆ ನಿಂತರು. ಹೀಗೆ ಶುರುವಾದದ್ದು ಭಾವುಸಿಂಗಜಿ ರಸ್ತೆಯ ಚಹಾದ ಹೋಟೆಲ್. ಹೆಸರು 'ಸತ್ಯಸುಧಾರಕ'. ಜೋತಿಬಾ ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ದನಿ ಆ ಹೆಸರಲ್ಲೇ ಕೇಳುತ್ತೆ.

ಹೋಟೆಲೇನೋ ತೆರೆಯಿತು. ಗಿರಾಕಿ? ಒಬ್ಬರೂ ಬರಲಿಲ್ಲ. ಊರಿನ ನಡುವೆ, ಹಾಡಹಗಲಲ್ಲಿ, ದಲಿತನ ಕೈಯಿಂದ ಚಹಾ ತಗೊಂಡು ಕುಡಿಯೋಕೆ ಯಾರು ಹೋಗ್ತಾರೆ?

ಈ ಜಾಗದಲ್ಲಿ ನಾನು ಪ್ರತಿ ಸಲ ನಿಂತು ಯೋಚನೆ ಮಾಡ್ತೀನಿ. ಅರಸನ ಕೈಯಲ್ಲಿ ಅಧಿಕಾರ ಇತ್ತು. 1919ರಲ್ಲಿ ಅದನ್ನು ಬಳಸಿಯೂ ತೋರಿಸಿದರು. ಸರ್ಕಾರಿ ಶಾಲೆ, ಆಸ್ಪತ್ರೆ, ಬಾವಿ, ಧರ್ಮಶಾಲೆಗಳಲ್ಲಿ ಅಸ್ಪೃಶ್ಯತೆ ನಡೆಯಕೂಡದು ಅಂತ ಒಂದರ ಹಿಂದೊಂದು ಆಜ್ಞೆ ಹೊರಡಿಸಿದರು. (ಅಂದ್ಹಾಗೆ ನಮ್ಮ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹಾಗಾಗಿ ಆ ಆಜ್ಞೆ ಅಲ್ಲಿಗೂ ಅನ್ವಯ. ಅಥಣಿ, ಚಿಕ್ಕೋಡಿ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ ಇಂಥದೇ ಒಂದು ಠರಾವು, ಎಸ್. ಕೆ. ಬೋಲೆ ಅವರದು, ಮುಂಬಯಿ ಶಾಸನ ಪರಿಷತ್ತಿನಲ್ಲಿ ಪಾಸಾದದ್ದು 1923ರಲ್ಲಿ. ಅಕ್ಕಪಕ್ಕದ ಎರಡು ತಾಲ್ಲೂಕು, ನಡುವೆ ನಾಲ್ಕು ವರ್ಷ.) ಬಾವಿ ಸರ್ಕಾರದ್ದು, ಅದನ್ನು ಆಜ್ಞೆ ಮಾಡಿ ತೆರೆಸಬಹುದು. ಆದರೆ 'ಗಂಗಾರಾಮನ ಹೋಟೆಲಿನಲ್ಲಿ ಚಹಾ ಕುಡಿಯಿರಿ' ಅಂತ ಊರಿಗೆ ಯಾವ ಅರಸ ಆಜ್ಞೆ ಮಾಡೋಕಾಗುತ್ತೆ?

ಅದಕ್ಕೇ ಅವರು ತಾವೇ ಗಿರಾಕಿಯಾದರು. ತಿರುಗಾಡೋಕೆ ಹೊರಟ ಸಾರೋಟನ್ನು ಹೋಟೆಲಿನ ಮುಂದೆ ನಿಲ್ಲಿಸಿ ಗಂಗಾರಾಮರನ್ನು ಕೂಗಿ ಕರೆದು ಚಹಾ ತರಿಸಿಕೊಂಡು, ರಸ್ತೆಯಲ್ಲೇ, ಎಲ್ಲರ ಎದುರಿಗೆ ಕುಡಿದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಜೊತೆಗಿದ್ದ ಮೇಲ್ಜಾತಿಯ ಸರದಾರರಿಗೂ ಅಧಿಕಾರಿಗಳಿಗೂ ಕುಡಿಸಿದರು. ಮಹಾರಾಜರು ಕೊಟ್ಟದ್ದನ್ನು ಬೇಡ ಅನ್ನೋಕಾಗುತ್ತಾ! ಮುಖ ಕಿವುಚಿಕೊಂಡೇ ಕುಡಿದಿರಬೇಕು ಪಾಪ :) ಅರಸನೇ ಕುಡಿದ ಮೇಲೆ ಉಳಿದವರ ಮಡಿ ಯಾವ ಲೆಕ್ಕ? ಹೋಟೆಲಿಗೆ ಜನ ಬರತೊಡಗಿದರು.

ಇದೇ ಅರಸರು 1901ರಿಂದ ಕೊಲ್ಹಾಪುರದಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ವಿದ್ಯಾರ್ಥಿ ನಿಲಯ ಎಬ್ಬಿಸಿದರು: ಮರಾಠಾ ಬೋರ್ಡಿಂಗ್, ಜೈನ ಬೋರ್ಡಿಂಗ್, ಲಿಂಗಾಯತ ಬೋರ್ಡಿಂಗ್, ಮುಸ್ಲಿಂ ಬೋರ್ಡಿಂಗ್, 1908ರಲ್ಲಿ ದಲಿತ ಹುಡುಗರಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್. ಜಾತಿ ಹೋಗಬೇಕು ಅನ್ನೋರು ಜಾತಿಗೊಂದು ಅಡುಗೆಮನೆ ಯಾಕೆ ಕಟ್ಟಿಸಿದರು ಅಂತ ನೀವು ಕೇಳಬಹುದು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ ಅಂತಲೇ ನನಗೆ ಕಾಣುತ್ತೆ. ಮಗ ಯಾರ ಕೈಯಲ್ಲಿ ಉಣ್ತಾನೆ ಅನ್ನೋ ಒಂದೇ ಹೆದರಿಕೆಗೆ ಹಳ್ಳಿಯ ತಾಯಿತಂದೆ ಓದು ಬಿಡಿಸ್ತಿದ್ದರು. ಮೊದಲು ಓದಲಿ, ಪಂಕ್ತಿ ಆಮೇಲೆ ನೋಡೋಣ ಅನ್ನೋ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪಾಗಲಿಲ್ಲ. ಜೈನ ಬೋರ್ಡಿಂಗಿನಲ್ಲಿದ್ದ ಒಬ್ಬ ಹುಡುಗ ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿಬಂದು, ಊಟಕ್ಕೆ ಮುಂಚೆ ಶುದ್ಧಿಸ್ನಾನ ಮಾಡಲ್ಲ ಅಂತ ಹಟ ಹಿಡಿದು ಬೋರ್ಡಿಂಗನ್ನೇ ಬಿಡಬೇಕಾಯ್ತು. ಅವರೇ ಮುಂದೆ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು. ಅವರ ಮನೆತನ ಮೂಲತಃ ನಮ್ಮ ಮೂಡಬಿದಿರೆಯದು. 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಣ್ಣುವ ಬೋರ್ಡಿಂಗ್ ತೆರೆದರು. ಅದಕ್ಕೆ ಬಿದ್ದ ಹೆಸರು ಶಾಹೂ ಮಹಾರಾಜರದೇ.

ಕೆಲವು ವರ್ಷದ ಹಿಂದೆ ನನ್ನ ಶಾಲೆಯ ಗೆಳೆಯನೊಬ್ಬನ ಜೊತೆ ಕೊಲ್ಹಾಪುರದ ಹಳೇ ಊರು ಸುತ್ತೋಕೆ ಹೋಗಿದ್ದೆ. ಗುಡಿ, ಭವಾನಿ ಮಂಟಪ, ಹಳೇ ಅರಮನೆ ಎಲ್ಲ ನೋಡಿಯಾಯ್ತು. ನನಗೆ ಹಸಿವು. ನಾನು ಮಿಸಳ ಅಂದರೆ ಅವನು "ಮೊದಲ ಭಾವುಸಿಂಗಜಿ ರೋಡಿಗೆ ನಡಿ, ಅಲ್ಲಿ ಚಾ ಕುಡದ ಹೋಗೂಣು" ಅಂದ. ಗಂಗಾರಾಮರ ಕತೆ ಅವನಿಗೆ ಬಾಯಿಪಾಠ. ಅವನ ಅಜ್ಜ ಅಥಣಿ ಸಂತೆಗೆ ಹೋಗುವಾಗ ಚೀಲದಲ್ಲಿ ಒಂದು ಸಣ್ಣ ಬಟ್ಟಲು ಇಟ್ಟುಕೊಂಡೇ ಹೋಗ್ತಿದ್ದರಂತೆ. ಹೋಟೆಲಿನ ಹೊರಗೆ ಕಟ್ಟೆ ಕೆಳಗೆ ಕೂತು ಬಟ್ಟಲು ಮುಂದೆ ಮಾಡಬೇಕು. "ಮ್ಯಾಲಿಂದ ಸುರವತಿದ್ರಂತ, ಕೈ ಮ್ಯಾಲ ಬಿದ್ರೂ ಕೇಳಾವ್ರಿಲ್ಲ. ರೊಕ್ಕ ಮಾತ್ರ ಪೂರಾ ತಗೊಂತಿದ್ರು" ಅಂದ. ಅವನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಅಜ್ಜನ ಬಟ್ಟಲು ಈಗಲೂ ಮನೆಯಲ್ಲಿದೆ ಅಂತಲೂ ಹೇಳಿದ.

ಆ ರಸ್ತೆಯಲ್ಲಿ ಮೊದಲು ಕಂಡ ಚಹಾದಂಗಡಿಗೆ ಹೋದೆವು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ, 'ಒಂದರಾಗ ಎರಡು'. ಒಂದು ಚಹಾ ತರಿಸಿ, ಕಪ್ಪು ಒಬ್ಬರಿಗೆ, ಬಶಿ ಒಬ್ಬರಿಗೆ. ಅವನು ಬಶಿ ತಗೊಂಡ, ನಾನು ಕಪ್ಪು. ಆಮೇಲೆ ಮಿಸಳ ತಿಂದದ್ದೂ ಆಯ್ತು, ಕಣ್ಣಲ್ಲಿ ಮೂಗಲ್ಲಿ ನೀರು ಬಂದದ್ದೂ ಆಯ್ತು.

ಮತ್ತೆ ಇತಿಹಾಸಕ್ಕೆ ಬರೋಣ. 1920ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾವ್‌ನಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ನಮ್ಮ ನಿಪ್ಪಾಣಿಗೆ ಹತ್ತಿರದ ಊರೇ ಅದು. ಅಧ್ಯಕ್ಷರು 28 ವರ್ಷದ ಅಂಬೇಡ್ಕರ್. ಇವರೇ ಇನ್ನು ನಿಮ್ಮ ನಾಯಕರು ಅಂತ ಶಾಹೂ ಮಹಾರಾಜರು ಆ ಸಭೆಯಲ್ಲೇ ಹೇಳಿದರು. ಜೊತೆಗೇ, ಊರಿಗೆ ಮರಳುವ ಮುಂಚೆ ನಮ್ಮಲ್ಲಿ ಊಟ ಮಾಡಿಕೊಂಡು ಹೋಗಬೇಕು ಅಂತ ತುಂಬಿದ ಸಭೆಯಲ್ಲೇ ಅಂಬೇಡ್ಕರರನ್ನು ಕರೆದರು. ಭಾಷಣದ ನಡುವೆ ಊಟದ ಮಾತು ಯಾಕೆ ಬಂತು ಅನ್ನೋದು ಗಂಗಾರಾಮರ ಹೋಟೆಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಐದು ವರ್ಷದ ಮೇಲೆ, 1925ರ ಏಪ್ರಿಲಿನಲ್ಲಿ, ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತಿಗೆ ಅಂಬೇಡ್ಕರ್ ನಿಪ್ಪಾಣಿಗೇ ಬಂದರು. ಅಷ್ಟರಲ್ಲಿ ಮಹಾರಾಜರು ಇರಲಿಲ್ಲ.

ಹೋಟೆಲಿನ ಬಾಗಿಲಿಗೆ ಕಾನೂನು ಬರೋಕೆ ಇನ್ನೂ ಬಹಳ ದಿನ ಹಿಡಿಯಿತು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ, ಅಂಗಡಿ, ಹೋಟೆಲುಗಳಿಗೆ ಪ್ರವೇಶ ನಿರಾಕರಿಸಬಾರದು ಅನ್ನೋ ಕಲಮು ಚರ್ಚೆಗೆ ಬಂತು. ಅಂಗಡಿ ಅಂದರೆ ಕ್ಷೌರದಂಗಡಿಯೂ ಬರುತ್ತಾ ಅಂತ ಸದಸ್ಯ ಎಸ್. ನಾಗಪ್ಪ ಕೇಳಿದರು. ಸೇವೆ ಕೊಡೋಕೆ ಕೂತ ಯಾರೇ ಆದರೂ ಅದರಲ್ಲಿ ಬರ್ತಾರೆ ಅನ್ನೋ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ಅದೇ ಇವತ್ತಿನ 15ನೇ ವಿಧಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಒಳಗೆ ಹೋಯ್ತು. ಹೋಟೆಲಿನ ಒಳಗೆ ಬಿಟ್ಟರೆ ಸಾಲದು, ಎಲ್ಲರಿಗೂ ಕೊಡೋ ಪಾತ್ರೆಯಲ್ಲೇ ಇವರಿಗೂ ಕೊಡಬೇಕು ಅಂತ ಪಾತ್ರೆಯ ಹೆಸರೆತ್ತಿ ಬರೆದರು. ನನ್ನ ಗೆಳೆಯನ ಅಜ್ಜನ ಬಟ್ಟಲಿನಂಥ ಸಾವಿರಾರು ಬಟ್ಟಲು ಕಾಣದೆ ಈ ಮಾತು ಕಾಯ್ದೆಯೊಳಗೆ ಬಂದಿರೋಕೆ ಸಾಧ್ಯವಿಲ್ಲ. 1976ರಲ್ಲಿ ಇದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು.

ಆದರೂ ನೋಡಿ, ನಾನು ಹೇಳಿದ ಈ ಮಾತೆಲ್ಲ ಗಿರಾಕಿಯಾಗಿ ಬರೋ ದಲಿತನಿಗೆ. ಗಲ್ಲಾಪೆಟ್ಟಿಗೆ ಹಿಂದೆ, ಒಲೆ ಮುಂದೆ ನಿಂತ ಗಂಗಾರಾಮರಿಗೆ ಇದರಿಂದ ಗಿರಾಕಿ ಸಿಗಲ್ಲ. ಅವರ ಚಹಾ ಬೇಡ ಅಂತ ಸುಮ್ಮನೆ ಮುಂದೆ ಹೋಗೋರನ್ನು ಕಾನೂನಿನಿಂದ ಹಿಡಿಯೋದು ಕಷ್ಟ. ಶಾಲೆಯ ಬಿಸಿಯೂಟಕ್ಕೆ ದಲಿತ ಹೆಂಗಸು ಅಡುಗೆಗೆ ಬಂದಳು ಅಂತ ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸಿದ ಸುದ್ದಿ ನಮ್ಮ ರಾಜ್ಯದ್ದೇ ಪತ್ರಿಕೆಗಳಲ್ಲಿ ಈಗಲೂ ಆಗಾಗ ಬರುತ್ತೆ. ಅಲ್ಲಿ ಯಾವ ಸಾರೋಟೂ ಬಂದು ನಿಲ್ಲಲ್ಲ.

ಶಾಹೂ ಮಹಾರಾಜರು 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡರು. 47 ವಯಸ್ಸು, ಅಷ್ಟೇ. ಅವರ ನೆನಪಿಗೆ ಕೊಲ್ಹಾಪುರದಲ್ಲಿ ಈಗ ಪ್ರತಿಮೆಗಳಿವೆ, ಚೌಕಗಳಿವೆ, ಕಾಲೇಜಿದೆ. ಆದರೆ ಇವೆಲ್ಲಕ್ಕಿಂತ ಮೊದಲು, ಅವರು ಹೋದ ಕೆಲವೇ ವರ್ಷಗಳಲ್ಲಿ, ನರ್ಸರಿ ಬಾಗಿನಲ್ಲಿ ಒಂದು ಸಣ್ಣ ಸ್ಮಾರಕ ಎದ್ದಿತ್ತು. ಅದನ್ನು ಮುಂದೆ ನಿಂತು ಕಟ್ಟಿಸಿದವರು ಚಹಾದಂಗಡಿಯ ಗಂಗಾರಾಮ ಕಾಂಬಳೆ. ನರ್ಸರಿ ಬಾಗ ಮಹಾಲಕ್ಷ್ಮಿ ಗುಡಿಯಿಂದ ದೂರವೇನಲ್ಲ. ರಿಕ್ಷಾದವರಿಗೆ ಹೆಸರು ಹೇಳಿದರೆ ಸಾಕು. ಮಿಸಳ ತಿಂದಾದ ಮೇಲೆ ಹೋಗಿ, ಬಾಯಿ ಉರಿ ಇಳಿಯೋಕೆ ಸ್ವಲ್ಪ ನಡೆದ ಹಾಗೂ ಆಗುತ್ತೆ.