ಮೈ ನೀವುವ ಕೈ

ತ್ಯಾಗರಾಜನಗರದ ಹಳೆಯ ಮನೆಗಳಲ್ಲಿ ಕೂಸಿಗೆ ಎಣ್ಣೆನೀರು ಹಾಕುವುದನ್ನು ನೀವು ಕಂಡಿರಬಹುದು. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ಅಜ್ಜಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ಮೈ ನೀವುತ್ತಾಳೆ. ಆಮೇಲೆ ಸ್ನಾನ, ಸಾಂಬ್ರಾಣಿಯ ಹೊಗೆ, ಗಾಢವಾದ ನಿದ್ದೆ. ಅಭ್ಯಂಗವು ದಿನಚರಿಯ ಅಂಗವೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳಿದೆ. ಅಜ್ಜಿಗೆ ಅದು ರೂಢಿಯಿಂದ ಬಂದ ವಿದ್ಯೆ.

ಆದರೆ ಆ ಕೈ ತಗುಲಿದೊಡನೆ ಮೈ ಬಿಗಿಹಿಡಿದು ಚೀರುವ ಮಗುವೂ ಉಂಟು. ಅದು ಹೆಸರು ಹಿಡಿದು ಕರೆದರೆ ತಿರುಗದು. ಒಂದೇ ಆಟಿಕೆಯ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. ಇಂಥ ಹನ್ನೊಂದು ಮಕ್ಕಳನ್ನು ಕುರಿತು ಡಾಕ್ಟರ್ ಲಿಯೊ ಕ್ಯಾನರರು 1943ರಲ್ಲಿ ಅಮೆರಿಕದಲ್ಲಿ ಪ್ರಬಂಧ ಬರೆದರು. ಇಂಥ ಮಕ್ಕಳ ಸ್ಥಿತಿಗೆ ಆಟಿಸಂ ಎಂಬ ಹೆಸರು ರೂಢಿಯಾದದ್ದು ಆ ಬಳಿಕ. ನಮ್ಮ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಈ ಚರಿತ್ರೆಯಲ್ಲಿ ಒಂದು ಕಹಿಯಾದ ಅಧ್ಯಾಯವಿದೆ. ತಾಯಿಯ ಅಕ್ಕರೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ಕೆಲವು ಪಂಡಿತರು ಸಾರಿದರು. ಇಂಥದೇ ಮಗುವೊಂದರ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡರು 1964ರಲ್ಲಿ ಗ್ರಂಥ ಬರೆದು ಅದನ್ನು ಖಂಡಿಸಿದರು. ಆದರೂ 1967ರಲ್ಲಿ ಬ್ರೂನೊ ಬೆಟಲ್‌ಹೈಮರ ಗ್ರಂಥ ಅದೇ ಅಪವಾದವನ್ನು ಮತ್ತೆ ಹರಡಿತು. ಮಿದುಳಿನ ಬೆಳವಣಿಗೆಯ ಭೇದವೇ ಇದಕ್ಕೆ ಮೂಲ, ಅದರಲ್ಲಿ ಅನುವಂಶಿಕತೆಯ ಪಾಲು ದೊಡ್ಡದು ಎಂಬುದು ಇಂದು ಸ್ಪಷ್ಟ. ಎಷ್ಟು ಮಂದಿ ತಾಯಂದಿರು ಮಾಡದ ತಪ್ಪಿಗೆ ತಲೆ ತಗ್ಗಿಸಿ ನಡೆದರೋ!

ಇತ್ತ ಅಜ್ಜಿಯ ವಿದ್ಯೆ ಕಡಲು ದಾಟಿತು. ಫ್ರಾನ್ಸಿನ ವೈದ್ಯ ಫ್ರೆಡರಿಕ್ ಲೆಬೊಯೆ ಕಲ್ಕತ್ತೆಯಲ್ಲಿ ತಾಯಿಯೊಬ್ಬಳು ಮಗುವಿನ ಮೈ ನೀವುವುದನ್ನು ಕಂಡು ಬೆರಗಾಗಿ, 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು: ಶಾಂತಲಾ. ಬೇಲೂರನ್ನು ಬಲ್ಲ ನಮಗೆ ಎಷ್ಟು ಆಪ್ತವಾದ ಹೆಸರು!

1992ರಲ್ಲಿ ಮಿಯಾಮಿಯಲ್ಲಿ ಟಿಫನಿ ಫೀಲ್ಡರು ಸ್ಪರ್ಶ ಸಂಶೋಧನೆಗೆಂದೇ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಂದ 2001ರಲ್ಲಿ ಬಂದ ವರದಿಯೊಂದು ಆಟಿಸಂ ಇದ್ದ 3ರಿಂದ 6 ವರ್ಷದ 20 ಮಕ್ಕಳದು. ಕೆಲವರಿಗೆ ಹೆತ್ತವರೇ ಕಲಿತುಕೊಂಡು, ಒಂದು ತಿಂಗಳು, ಮಲಗುವ ಮುನ್ನ 15 ನಿಮಿಷ ಮೈ ನೀವಿದರು. ಉಳಿದವರಿಗೆ ಅಷ್ಟೇ ಹೊತ್ತು ಕಥೆ ಓದಿದರು. ನೀವಿಸಿಕೊಂಡ ಮಕ್ಕಳ ನಿದ್ದೆ ಹೆಚ್ಚು ಸುಧಾರಿಸಿತು, ಶಾಲೆಯಲ್ಲಿ ಗಮನವೂ ಹೆಚ್ಚಿತು ಎಂದು ವರದಿ ಹೇಳಿತು.

ಇದನ್ನು ಕೇಳಿ ಹಿಗ್ಗುವ ಮೊದಲು ಇನ್ನೊಂದು ಮಾತನ್ನೂ ಕೇಳಿ. 2011ರಲ್ಲಿ ಸಂಶೋಧಕರು ಇಂಥ ಆರು ಅಧ್ಯಯನಗಳನ್ನು ಒರೆಗೆ ಹಚ್ಚಿದರು. ಆಧಾರ ಸಾಲದು, ಪಕ್ಷಪಾತ ನುಸುಳಲು ಎಡೆ ಬಹಳ ಎಂಬುದೇ ಅವರ ತೀರ್ಪು. ತಾನೇ ನೀವಿದ ತಾಯಿ ತಾನೇ ಅಂಕ ಹಾಕಿದರೆ ಆಸೆಯೂ ತಕ್ಕಡಿಯಲ್ಲಿ ಕೂರುತ್ತದಲ್ಲವೆ?

ಹಾಗಾದರೆ ಎಣ್ಣೆಯ ಬಟ್ಟಲನ್ನು ಎತ್ತಿಡಬೇಕೆ? ಬೇಕಿಲ್ಲ. ಆಟಿಸಂ ಇರುವ ಟೆಂಪಲ್ ಗ್ರಾಂಡಿನ್ ಎಂಬಾಕೆ ಹರೆಯದಲ್ಲಿ, ದನಗಳನ್ನು ಹಿಡಿದು ನಿಲ್ಲಿಸುವ ಯಂತ್ರವನ್ನು ಕಂಡು, ತನ್ನ ಮೈಯನ್ನು ಅದುಮಿ ಹಿಡಿಯುವ ಯಂತ್ರವನ್ನು ಮಾಡಿಕೊಂಡಳು. ಎಷ್ಟು ಅದುಮಬೇಕೆಂಬುದು ಅವಳ ಕೈಯಲ್ಲೇ ಇತ್ತು. ನಮಗೂ ಅದೇ ಪಾಠ. ಮಗು ಒಪ್ಪಿದಷ್ಟು ಹೊತ್ತು, ಒಪ್ಪಿದ ಹದದಲ್ಲಿ ನೀವಿರಿ. ಕೈ ತಳ್ಳಿದರೆ ನಿಲ್ಲಿಸಿರಿ. ಮಾತಿನ ಶಿಕ್ಷಣವನ್ನೂ ತಜ್ಞರ ಸಲಹೆಯನ್ನೂ ಇದಕ್ಕಾಗಿ ಬಿಡಬೇಡಿ. ನಿಮ್ಹಾನ್ಸ್ ಕೆಲವೇ ಮೈಲಿಗಳ ದಾರಿ. ವಾಸಿಮಾಡುತ್ತೇನೆಂದು ಹಣ ಕೇಳುವವನಿಗೆ ದೂರದಿಂದಲೇ ನಮಸ್ಕಾರ ಹೇಳಿ.

ಆ ಚೀರುವ ಕೂಸಿನ ಮನೆಗೆ ಹೋದಾಗ, ತಾಯಿಯನ್ನು ಪ್ರಶ್ನೆಗಳಿಂದ ಚುಚ್ಚದೆ, ಅರೆಗಳಿಗೆ ಮಗುವನ್ನು ನೋಡಿಕೊಂಡು ಆಕೆಗೆ ವಿಶ್ರಾಂತಿ ಕೊಡಿ. ನೆರೆಹೊರೆಯವರಿಂದ ಆಗಬೇಕಾದ ಚಿಕಿತ್ಸೆ ಅದು.