ಶ್ರುತಿಗೆ ಬೆಲೆ ಎಷ್ಟು?

ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಶುರುವಾಗುತ್ತದೆ. ಕೆರಗೋಡು, ಬಸರಾಳು, ದುದ್ದ, ಕೊತ್ತತ್ತಿ ಹೋಬಳಿಗಳ ಊರುಗಳಲ್ಲಿ ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಶನಿಪ್ರಭಾವ’ ಆಡುವುದೆಂದರೆ ಹಬ್ಬದಷ್ಟೇ ಸಂಭ್ರಮ. ಹಗಲು ಗದ್ದೆಯಲ್ಲಿ ದುಡಿದವರು ರಾತ್ರಿ ಭೀಮ, ಶಕುನಿ, ಕೃಷ್ಣರಾಗುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲ. ಪಾತ್ರ ಬೇಕಾದವನೇ ಹಣ ಕೊಡಬೇಕು. ದುರ್ಯೋಧನನಿಗೆ ಹೆಚ್ಚು, ದೂತನಿಗೆ ಕಡಿಮೆ. ಹಾಗೆ ಕೂಡಿದ ಹಣದಲ್ಲಿ ಸೀನರಿ, ವೇಷಭೂಷಣ, ಹೊರಗಿನಿಂದ ಬರುವ ಪಾತ್ರಧಾರಿಣಿಯರು, ತಬಲದವರು, ಮೈಕ್ ಸೆಟ್ಟು, ಕರಪತ್ರ ಎಲ್ಲಕ್ಕೂ ಇಂತಿಷ್ಟೆಂದು ಹಂಚಿಕೆಯಾಗುತ್ತದೆ. ತಿಂಗಳುಗಟ್ಟಲೆ ಹಾಡು, ಮಾತು ಕಲಿಸಿದ ಹಾರ್ಮೋನಿಯಂ ಮೇಷ್ಟ್ರಿಗೂ ಒಂದು ಮೊತ್ತ ಗೊತ್ತಾಗಿರುತ್ತದೆ. ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾಣದ ಬಾಬು ಒಂದೇ: ಪೆಟ್ಟಿಗೆಗೆ ಶ್ರುತಿ ಮಾಡಿಸಿದ ಖರ್ಚು.

ಪೆಟ್ಟಿಗೆ ಸಾಮಾನ್ಯವಾಗಿ ಮೇಷ್ಟ್ರ ಸ್ವಂತದ್ದು. ಅದು ಕೆಟ್ಟರೆ ಅವರ ಪಾಡು ಎಂಬುದು ಊರವರ ಎಣಿಕೆ. ಆದರೆ ಇಡೀ ರಾತ್ರಿಯ ನಾಟಕ ನಿಲ್ಲುವುದು ಆ ಪೆಟ್ಟಿಗೆಯ ಮೇಲೆ. ಶ್ರುತಿ ತಾಯಿ, ಲಯ ತಂದೆ ಎಂದು ಸಂಗೀತಗಾರರು ಹೇಳುವ ಮಾತು ಎಲ್ಲರಿಗೂ ಗೊತ್ತು. ತಾಯಿಯನ್ನು ನೇರ್ಪು ಮಾಡಿಕೊಟ್ಟವನಿಗೆ ಏನು ಕೊಡಬೇಕೆಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ. ಮನೆಯಲ್ಲಿ ಪಿಯಾನೋ ಇಟ್ಟುಕೊಂಡವರಿಗೂ ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರಿಗೂ ಎದುರಾಗುವ ಪ್ರಶ್ನೆ ಇದೊಂದೇ. ಇದರ ಉತ್ತರ ಹುಡುಕಲು ಎರಡು ವಾದ್ಯಗಳ ಚರಿತ್ರೆಯನ್ನೂ ಸ್ವಲ್ಪ ತಿರುವಿ ನೋಡಬೇಕು.

ಪಿಯಾನೋದ ಲೆಕ್ಕ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೋ ಕ್ರಿಸ್ತೋಫೊರಿ ಎಂಬ ಕುಶಲಕರ್ಮಿ ಪಿಯಾನೋವನ್ನು ರೂಪಿಸಿದ. ಇಂದಿನ ಪಿಯಾನೋದಲ್ಲಿ 88 ಕೀಲಿಗಳು, ಸುಮಾರು 230 ತಂತಿಗಳು. ಎಲ್ಲ ತಂತಿಗಳ ಎಳೆತವನ್ನು ಕೂಡಿಸಿದರೆ ಹದಿನೆಂಟು ಇಪ್ಪತ್ತು ಟನ್ ಭಾರಕ್ಕೆ ಸಮ. ಇಷ್ಟು ಎಳೆತವನ್ನು ಹೊತ್ತ ವಾದ್ಯದ ನಾದಫಲಕ ಮರದ್ದು. ಮಳೆಗಾಲದ ತೇವಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಯಾರೂ ಮುಟ್ಟದೆ ಇಟ್ಟ ಪಿಯಾನೋ ಕೂಡ ಶ್ರುತಿ ತಪ್ಪುವುದು ಇದರಿಂದ.

ಇಂತಹ ವಾದ್ಯ ಮಂಡ್ಯಕ್ಕೆ ಅಪರಿಚಿತವಾದರೂ ನೆರೆಯ ಮೈಸೂರಿಗೆ ಹಾಗಲ್ಲ. ಜಯಚಾಮರಾಜೇಂದ್ರ ಒಡೆಯರು (1919–1974) ಸ್ವತಃ ಪಿಯಾನೋ ನುಡಿಸುತ್ತಿದ್ದವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋ ಪದವಿ ನೀಡಿತ್ತು. ರಷ್ಯಾದಿಂದ ಹೊರಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರನ ಕೃತಿಗಳು ಧ್ವನಿಮುದ್ರಣಗೊಳ್ಳಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ದಕ್ಷಿಣ ಭಾರತದಲ್ಲಿ ಪಿಯಾನೋ, ಆರ್ಗನ್‌ಗಳ ವ್ಯಾಪಾರಕ್ಕೆ ಹೆಸರಾಗಿದ್ದುದು 1842ರಲ್ಲಿ ಮದರಾಸಿನಲ್ಲಿ ಆರಂಭವಾದ ಮಿಸ್ಕ್ವಿತ್ ಕಂಪನಿ. ಅದೇ ಮುಂದೆ ಮ್ಯೂಸಿ ಮ್ಯೂಸಿಕಲ್ ಆಯಿತು.

ಶ್ರುತಿ ಮಾಡುವುದು ಪ್ರತ್ಯೇಕ ಕಸುಬಾಗಿ ಗೌರವ ಪಡೆದ ಬಗೆಯಲ್ಲಿ ಒಂದು ಸ್ವಾರಸ್ಯವಿದೆ. ಪ್ಯಾರಿಸಿನ ಅಂಧರ ಶಾಲೆಯಲ್ಲಿ ಓದಿದ ಕ್ಲೋದ್ ಮೊಂತಾಲ್ ಎಂಬಾತ ಹಳೆಯ ಪಿಯಾನೋವನ್ನು ತಡವಿ ತಡವಿ ಬಿಚ್ಚಿ ಜೋಡಿಸಿ ವಿದ್ಯೆ ಕಲಿತ. ಕಣ್ಣಿಲ್ಲದವನು ಬೆಲೆಬಾಳುವ ವಾದ್ಯವನ್ನು ಹಾಳುಮಾಡಿಯಾನೆಂದು ಜನ ಹೆದರಿದ್ದರು. 1836ರಲ್ಲಿ ಆತ ಈ ಕಲೆಯ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ. ಮುಂದೆ ಯುರೋಪಿನಲ್ಲಿ ಅನೇಕ ಅಂಧರಿಗೆ ಇದು ಬದುಕಿನ ದಾರಿಯಾಯಿತು. 1872ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅಂಧರ ಕಾಲೇಜಿನಲ್ಲಿ ಪಿಯಾನೋ ಶ್ರುತಿ ಮಾಡುವ ಶಿಕ್ಷಣವೂ ಇತ್ತು. ಬ್ರಿಟನ್ನಿನ ಅನೇಕ ಮನೆಗಳಲ್ಲಿ ವರ್ಷಕ್ಕೆ ಇಷ್ಟು ಭೇಟಿ, ಅದಕ್ಕೆ ಇಷ್ಟು ಹಣ ಎಂಬ ಕರಾರು ಬಳಕೆಗೆ ಬಂತು. ಕೆಟ್ಟ ಮೇಲೆ ಕರೆಸುವುದಲ್ಲ, ಕೆಡದಂತೆ ನೋಡಿಕೊಳ್ಳುವುದು ಅದರ ಉದ್ದೇಶ.

ಪೆಟ್ಟಿಗೆ ಬಂದ ದಾರಿ

ಹಾರ್ಮೋನಿಯಂ ಕೂಡ ಯುರೋಪಿನ ಕೂಸೇ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ 1840ರ ದಶಕದ ಆರಂಭದಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಅದು ಕಾಲಿನಿಂದ ತಿದಿ ಒತ್ತುವ ವಾದ್ಯ. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಆಡಿಸಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆಯನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜನಪ್ರಿಯಗೊಳಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಪಾರ್ಸಿ ಮತ್ತು ಮರಾಠಿ ನಾಟಕ ಮಂಡಳಿಗಳು ಈ ವಾದ್ಯವನ್ನು ಊರೂರಿಗೆ ಹೊತ್ತು ತಂದವು.

ಕನ್ನಡದಲ್ಲಿ ಮೈಸೂರು ಅರಮನೆಯ ಆಶ್ರಯದ ನಾಟಕ ಸಭೆ, 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ವರದಾಚಾರ್ಯರ ರತ್ನಾವಳಿ ನಾಟಕ ಸಭಾ ಮೊದಲಾದವು ರಂಗಗೀತೆಗಳಿಂದಲೇ ಜನರನ್ನು ಸೆಳೆದವು. ಮೈಕ್ ಇಲ್ಲದ ಆ ದಿನಗಳಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಲು ನಟನಿಗೆ ಆಸರೆ ಕಾಲು ಹಾರ್ಮೋನಿಯಂನ ಗಟ್ಟಿ ನಾದ. ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಸಂಬಳದ ಮನುಷ್ಯ. ಪೆಟ್ಟಿಗೆಯ ಯೋಗಕ್ಷೇಮವೂ ಅವರ ಕೆಲಸದ ಒಂದು ಭಾಗ. ಸಿನಿಮಾದ ಹೊಡೆತಕ್ಕೆ ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿ ಪಳಗಿದ ಅನೇಕರು ಹಳ್ಳಿಗಳಿಗೆ ಬಂದು ನಾಟಕದ ಮೇಷ್ಟ್ರಾದರು. ಅಷ್ಟರಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಿಂದ ಮಂಡ್ಯ ಸೀಮೆಯಲ್ಲಿ ಹರಿಯತೊಡಗಿತ್ತು. 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂದಿತ್ತು. ಭತ್ತ, ಕಬ್ಬಿನ ಹಣ ಕೈಸೇರಿದ ಮೇಲೆ ನಾಟಕ ಕಲಿಯುವ ಆಸೆಗೆ ಅಡ್ಡಿಯಿರಲಿಲ್ಲ. ಕಂಪನಿಯ ಸಂಬಳ ಹೋಗಿ ಹಳ್ಳಿಯ ಕಂಟ್ರಾಕ್ಟು ಬಂತು. ಸಂಬಳದೊಳಗೆ ಅಡಗಿದ್ದ ಶ್ರುತಿಯ ಖರ್ಚು ಹೀಗೆ ಮೇಷ್ಟ್ರ ಜೇಬಿಗೆ ಬಿತ್ತು.

ಹೆರೆದ ಹಿತ್ತಾಳೆ ಮರಳದು

ಹಾರ್ಮೋನಿಯಂನಲ್ಲಿ ತಂತಿಯಿಲ್ಲ, ಹಿತ್ತಾಳೆಯ ತೆಳು ನಾಲಗೆಗಳಿವೆ. ಅವಕ್ಕೆ ರೀಡ್ ಎನ್ನುತ್ತಾರೆ. ಮೂರೂವರೆ ಸಪ್ತಕದ ಪೆಟ್ಟಿಗೆಗೆ 42 ಮನೆಗಳು. ಜೋಡಿ ರೀಡಿನದಾದರೆ 84 ನಾಲಗೆಗಳು, ಮೂರು ಸಾಲಿನದಾದರೆ 126. ನಾಲಗೆಯ ತುದಿಯನ್ನು ತುಸು ಹೆರೆದರೆ ಅದು ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಹೆರೆದರೆ ಬಿಗುವು ಕಡಿಮೆಯಾಗಿ ಸ್ವರ ಇಳಿಯುತ್ತದೆ. ಎಷ್ಟು ಹೆರೆಯಬೇಕೆಂದು ಹೇಳುವುದು ಕಿವಿ. ಸೆಕೆಂಡಿಗೆ 440 ಸಲ ಕಂಪಿಸುವ ನಾಲಗೆಯ ಜೊತೆ 442 ಸಲ ಕಂಪಿಸುವುದನ್ನು ನುಡಿಸಿದರೆ ಸೆಕೆಂಡಿಗೆ ಎರಡು ಅಲೆಗಳು ಎದ್ದಂತೆ ನಾದ ಉಬ್ಬಿ ತಗ್ಗುತ್ತದೆ. ಕಸುಬುದಾರ ಆ ಅಲೆಯನ್ನು ಎಣಿಸುತ್ತಾ, ಅದು ನಿಧಾನವಾಗಿ ಅಡಗುವವರೆಗೆ ನಾಲಗೆಯನ್ನು ತಿದ್ದುತ್ತಾನೆ.

ಪಿಯಾನೋಕ್ಕೂ ಹಾರ್ಮೋನಿಯಂಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಪಿಯಾನೋದ ತಂತಿ ಹೆಚ್ಚು ಬಿಗಿಯಾದರೆ ಸಡಿಲಿಸಬಹುದು. ಹೆರೆದ ಹಿತ್ತಾಳೆಯನ್ನು ಮತ್ತೆ ಅಂಟಿಸಲಾಗದು. ಬಯಲು ರಂಗದ ಧೂಳು ನಾಲಗೆಯ ತುದಿಯಲ್ಲಿ ಕುಳಿತರೆ ಭಾರ ಹೆಚ್ಚಿ ಸ್ವರ ತಗ್ಗುತ್ತದೆ. ಬಲ್ಲವನು ಮೊದಲು ಧೂಳು ಒರೆಸಿ ನೋಡುತ್ತಾನೆ, ಎಷ್ಟೋ ಸಲ ಅಷ್ಟಕ್ಕೇ ಶ್ರುತಿ ಸೇರುತ್ತದೆ. ಅವಸರದವನು ನೇರವಾಗಿ ಅರ ಹಾಕಿ ತುದಿ ಹೆರೆಯುತ್ತಾನೆ. ಆಗ ಸರಿಯಾಯಿತೆಂದು ತೋರುತ್ತದೆ. ನಾಲ್ಕು ನಾಟಕದ ನಂತರ ಧೂಳು ಉದುರಿದಾಗ ಸ್ವರ ಮೇಲಕ್ಕೆ ಹಾರಿರುತ್ತದೆ. ಅದನ್ನು ಇಳಿಸಲು ಬುಡ ಹೆರೆಯಬೇಕು. ಹೀಗೆ ತುದಿ, ಬುಡ ಎರಡೂ ಸವೆದ ನಾಲಗೆ ಒಂದು ರಾತ್ರಿ ಕಂದಪದ್ಯದ ನಡುವೆ ಮುರಿದು ಬೀಳುತ್ತದೆ. ಅಗ್ಗವಾಗಿ ಮಾಡಿಸಿದ ಶ್ರುತಿಯ ನಿಜವಾದ ಬೆಲೆ ತಿಳಿಯುವುದು ಆಗ.

ಒಬ್ಬೊಬ್ಬ ಪಾತ್ರಧಾರಿಗೆ ಒಂದೊಂದು ಶ್ರುತಿ ಇರುವುದು ಇನ್ನೊಂದು ತೊಡಕು. ಕೃಷ್ಣ ಎತ್ತರದ ಮನೆಯಲ್ಲಿ ಹಾಡಿದರೆ ಭೀಮ ತಗ್ಗಿನಲ್ಲಿ ಹಾಡುತ್ತಾನೆ. ಮೇಷ್ಟ್ರು ಷಡ್ಜವನ್ನು ಆಗಾಗ ಬದಲಿಸಬೇಕು. ಹೀಗಾಗಿ ಹನ್ನೆರಡು ಸ್ವರಗಳ ಅಂತರ ಎಲ್ಲೆಡೆ ಸಮನಾಗಿರಬೇಕು. ಸಪ್ತಕವನ್ನು 1200 ಭಾಗ ಮಾಡಿದರೆ ಸಹಜವಾದ ಅಂತರ ಗಾಂಧಾರ ನಿಲ್ಲುವುದು 386ರಲ್ಲಿ, ಸಮನಾಗಿ ಹಂಚಿದ ಪೆಟ್ಟಿಗೆಯಲ್ಲಿ 400ರಲ್ಲಿ. ಎಂದರೆ ಎಲ್ಲ ಪಾತ್ರಗಳಿಗೂ ಹೊಂದಬೇಕಾದರೆ ಎಲ್ಲ ಸ್ವರಗಳಲ್ಲೂ ಸ್ವಲ್ಪ ಸ್ವಲ್ಪ ಸುಳ್ಳನ್ನು ಸರಿಯಾಗಿ ಹಂಚಬೇಕು. ಈ ಸುಳ್ಳನ್ನು ಒಪ್ಪದ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐ.ಸಿ.ಎಸ್. ಅಧಿಕಾರಿ ಕ್ಲೆಮೆಂಟ್ಸ್ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಮಾಡಿಸಿ 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಮುಂದಿಟ್ಟರು. ಅಲ್ಲಿ ಅದಕ್ಕೆ ಮನ್ನಣೆ ಸಿಗಲಿಲ್ಲ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂಗೇ ಬಾಗಿಲು ಹಾಕಿತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಬೆಳಗಾವಿಯ ರಾಂಭಾವು ಬಿಜಾಪುರೆ (1917–2010) ಅವರಂಥ ವಿದ್ವಾಂಸರು ಇದೇ ಪೆಟ್ಟಿಗೆಯಲ್ಲಿ ರಾಗಸಂಗೀತದ ಎತ್ತರ ತೋರಿಸಿದರು. ಹಳ್ಳಿಯ ರಂಗ ಮಾತ್ರ ಈ ವಿವಾದವನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಆಯದ ಪಟ್ಟಿಯಲ್ಲಿ ಇಲ್ಲದವನು

ಹಳೆಯ ಮೈಸೂರಿನ ಹಳ್ಳಿಯಲ್ಲಿ ಕಸುಬಿಗೆ ಬೆಲೆ ಕಟ್ಟುವ ಕ್ರಮವೊಂದಿತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಕೆರೆಯ ನೀರು ಬಿಡುವ ನೀರಗಂಟಿ ಇವರೆಲ್ಲ ಆಯಗಾರರು. ಪ್ರತಿ ಸಲ ನೇಗಿಲು ತಿದ್ದಿಸಿದಾಗ ಚೌಕಾಸಿ ಮಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ಇಂಗ್ಲೆಂಡಿನ ಪಿಯಾನೋ ಕರಾರಿಗೂ ಇದಕ್ಕೂ ಒಳಗಿನ ನ್ಯಾಯ ಒಂದೇ: ಬೇಕಾದಾಗ ಬಲ್ಲವನು ಕೈಗೆ ಸಿಗಬೇಕಾದರೆ ಬೇಡದ ದಿನಗಳಲ್ಲೂ ಅವನು ಬದುಕಿರಬೇಕು. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟು, ಕೊಡುವವನ ದರ್ಪ ಎರಡೂ ಇದ್ದವು. ಅದು ಹೋದದ್ದಕ್ಕೆ ಅಳಬೇಕಾಗಿಲ್ಲ. ಆದರೆ ಹಾರ್ಮೋನಿಯಂ ಬಂದದ್ದು ಆ ಪಟ್ಟಿ ಮುಗಿದ ಮೇಲೆ. ಅದನ್ನು ತಿದ್ದುವವನಿಗೆ ಕಣದಲ್ಲಿ ಪಾಲು ಇರಲಿಲ್ಲ, ಪೇಟೆಯಲ್ಲಿ ಗೊತ್ತಾದ ದರವೂ ಇರಲಿಲ್ಲ. ಅವನ ಕೂಲಿ ಅಂದಿನಿಂದ ಇಂದಿನವರೆಗೂ ಚೌಕಾಸಿಯಲ್ಲೇ ಉಳಿದಿದೆ.

ಹಾಗಾದರೆ ಎಷ್ಟು ಕೊಡಬೇಕು? ರೂಪಾಯಿಯ ಲೆಕ್ಕ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬದಲಾಗದ ಕೆಲವು ಅಂಶಗಳಿವೆ. ಮೊದಲನೆಯದು ಎಣಿಕೆ: 84 ನಾಲಗೆಯ ಕೆಲಸಕ್ಕೂ 126ರ ಕೆಲಸಕ್ಕೂ ಒಂದೇ ಹಣ ನ್ಯಾಯವಲ್ಲ. ಎರಡನೆಯದು ವಾದ್ಯದ ಸ್ಥಿತಿ: ವರ್ಷಗಟ್ಟಲೆ ಮೂಲೆಯಲ್ಲಿದ್ದ ಪಿಯಾನೋವನ್ನು ಒಂದೇ ಸಲಕ್ಕೆ ಶ್ರುತಿಗೆ ತರಲಾಗದು. ಮೊದಲು ಒಟ್ಟು ಎಳೆತವನ್ನು ಏರಿಸಿ, ಅದು ನೆಲೆಗೊಂಡ ಮೇಲೆ ಮತ್ತೊಮ್ಮೆ ಸೂಕ್ಷ್ಮವಾಗಿ ತಿದ್ದಬೇಕು. ಹೆಚ್ಚಿನ ಹಣ ಕೇಳಿದರೆ ಅದು ಮೋಸವಲ್ಲ. ಮೂರನೆಯದು ಪ್ರಯಾಣ: ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬರುವವನ ಒಂದು ದಿನವೇ ಹೋಗುತ್ತದೆ. ತಿದಿಯ ತೂತು ಮುಚ್ಚುವುದು, ಮುರಿದ ನಾಲಗೆ ಬದಲಿಸುವುದು ದುರಸ್ತಿಯೇ ಹೊರತು ಶ್ರುತಿಯಲ್ಲ. ಅದಕ್ಕೆ ಬೇರೆ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಕಸುಬುದಾರ 84ರಲ್ಲಿ ಐವತ್ತು ನಾಲಗೆಗಳನ್ನು ಒರೆಸಿ, ಕೇಳಿ, ಹಾಗೇ ಬಿಟ್ಟಿರಬಹುದು. ಕೊಡುವವನಿಗೆ ‘ಏನೂ ಮಾಡಲೇ ಇಲ್ಲವಲ್ಲ’ ಎನಿಸುತ್ತದೆ. ಕೈಯಿಡದೆ ಬಿಟ್ಟ ಆ ಐವತ್ತೇ ವಾದ್ಯದ ಆಯಸ್ಸನ್ನು ಹೆಚ್ಚಿಸಿರುತ್ತವೆ. ಶ್ರುತಿ ಮಾಡುವವನಿಗೆ ಕೊಡುವ ಹಣದಲ್ಲಿ ಹೆಚ್ಚಿನ ಪಾಲು ಎಲ್ಲಿ ನಿಲ್ಲಿಸಬೇಕೆಂಬ ಈ ವಿವೇಕಕ್ಕೆ ಸಲ್ಲಬೇಕು.

ಈಗ ನಾಟಕದ ರಂಗಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಅದಕ್ಕೆ ಶ್ರುತಿ ಮಾಡಿಸುವ ಗೊಡವೆಯಿಲ್ಲ. ಮೊಬೈಲ್ ಫೋನು ಸ್ವರ ಎಷ್ಟು ತಪ್ಪಿದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ತಪ್ಪಿದ್ದು ಧೂಳಿನಿಂದಲೋ ಸವೆತದಿಂದಲೋ ಎಂದು ಮಾತ್ರ ಹೇಳಲಾರದು. ನಾಟಕದ ಸಂಘಗಳು ಸೀನರಿ, ಮೈಕ್ ಸೆಟ್ಟುಗಳ ಸಾಲಿನಲ್ಲೇ ‘ಪೆಟ್ಟಿಗೆ ಶ್ರುತಿ’ ಎಂದು ಒಂದು ಬಾಬು ಬರೆದು, ದುರ್ಯೋಧನನ ಪಾತ್ರದ ಹಣದಲ್ಲಿ ಒಂದು ಸಣ್ಣ ಪಾಲನ್ನು ಅದಕ್ಕೆ ತೆಗೆದಿಟ್ಟರೆ ಮೇಷ್ಟ್ರ ಹೊರೆ ಇಳಿಯುತ್ತದೆ, ಕಸುಬು ಬಲ್ಲವನ ಮನೆಯ ಒಲೆಯೂ ಉರಿಯುತ್ತದೆ. ಅವನು ಕಸುಬು ಬಿಟ್ಟು ಬೇರೆ ಕೆಲಸಕ್ಕೆ ಹೋದ ಮೇಲೆ ಎಷ್ಟು ಕೊಡುತ್ತೇವೆಂದರೂ ಕರೆಸಲು ಯಾರೂ ಇರುವುದಿಲ್ಲ.