ಪುಟ್ಟ ಟ್ಯೂಬು, ದೊಡ್ಡ ಚರಿತ್ರೆ

ಹೋದ ವರ್ಷ ಮದುವೆ ಗಡಿಬಿಡಿಯಲ್ಲಿ ನನ್ನ ಚಿಕ್ಕಮ್ಮನ ಮಗಳು ಮೊಡವೆ ಕಲೆಗೆಂದು ಇಲ್ಲೇ ಪುಣೆಯಲ್ಲಿ ಒಂದು ಕ್ರೀಮ್ ತಂದಳು. ಡಾಕ್ಟರ ಚೀಟಿಯನ್ನು ಯಾರೂ ಕೇಳಲಿಲ್ಲ. ಎರಡು ವಾರ ಮುಖ ಫಳಫಳ ಹೊಳೆಯಿತು. ಮೂರು ತಿಂಗಳಾದ ಮೇಲೆ ನಿಲ್ಲಿಸಿದಾಗ ಕೆನ್ನೆಯೆಲ್ಲ ಕೆಂಪು, ಉರಿ. ಟ್ಯೂಬಿನ ಮೇಲೆ ಮೂರು ಹೆಸರುಗಳಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಕೋಡಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾದ್ದರಿಂದ, ಇವುಗಳ ಮೂಲವನ್ನೂ ಹುಡುಕಿದೆ.

ಕಥೆ ಶುರುವಾಗುವುದು ವಿಟಮಿನ್ 'ಎ'ಯಿಂದ. 1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಅವರೊಂದಿಗೆ ಅದನ್ನು ಗುರುತಿಸಿದವರು ಮಾರ್ಗರೈಟ್ ಡೇವಿಸ್. ಈ ಹೆಣ್ಣುಮಗಳು ವರ್ಷಗಟ್ಟಲೆ ಸಂಬಳವಿಲ್ಲದೆ ಇಲಿಗಳ ಮೇಲಿನ ಪ್ರಯೋಗ ನೋಡಿಕೊಂಡಿದ್ದರು. ಟ್ರೆಟಿನಾಯಿನ್ ಇದೇ ವಿಟಮಿನ್ನಿನ ಆಮ್ಲರೂಪ. ಇದು ಚರ್ಮದ ಕೋಶಗಳು ಬೇಗ ಹೊಸದಾಗುವಂತೆ ಮಾಡುತ್ತದೆ, ರಂಧ್ರಗಳು ಕಟ್ಟಿಕೊಳ್ಳುವುದಿಲ್ಲ.

ಮೊಡವೆಗೆ ಇದು ಕೆಲಸ ಮಾಡುತ್ತದೆಂದು 1969ರಲ್ಲಿ ಪ್ರಕಟಿಸಿದವರು ಫಿಲಡೆಲ್ಫಿಯಾದ ಡಾ. ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು. 1971ರಲ್ಲಿ ಅಲ್ಲಿ ಔಷಧಿಗೆ ಅನುಮತಿ ಸಿಕ್ಕಿತು. ಆದರೆ ಇದೇ ಕ್ಲಿಗ್ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ 1974ರವರೆಗೆ ಪ್ರಯೋಗ ನಡೆಸಿದ್ದರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು. ಸಿಕ್ಕಿದ್ದು ಪುಡಿಗಾಸು. ಫಿಲಡೆಲ್ಫಿಯಾ ನಗರಾಡಳಿತ ಕ್ಷಮೆ ಕೇಳಿದ್ದು 2022ರಲ್ಲಿ!

ಮೊಡವೆಗೆ ಹಚ್ಚಿಕೊಂಡ ಮಧ್ಯವಯಸ್ಸಿನ ಹೆಂಗಸರು, ಸುಕ್ಕೂ ಕಡಿಮೆಯಾಗಿದೆ ಎಂದರು. ಹಾಗೆ ಶುರುವಾದ ಸಂಶೋಧನೆಯ ಫಲವಾಗಿ 1995ರಲ್ಲಿ ಅಮೆರಿಕ ಸಣ್ಣ ಸುಕ್ಕುಗಳಿಗೂ ಟ್ರೆಟಿನಾಯಿನ್ ಕ್ರೀಮ್ ಒಪ್ಪಿತು.

ನಮ್ಮ ಹುಡುಗಿಯ ಟ್ಯೂಬಿನ ಮೂಲವೂ ಕ್ಲಿಗ್ಮನ್ ಅವರದೇ. 1975ರಲ್ಲಿ ಅವರು ಮುಖದ ಬಂಗಿನಂಥ ಕಪ್ಪು ಕಲೆಗಳಿಗೆ ಇಂಥ ಮೂರು ಔಷಧಿಗಳ ಮಿಶ್ರಣ ಸೂಚಿಸಿದ್ದರು. ಡಾಕ್ಟರ ನಿಗಾದಲ್ಲಿ ಕೆಲವೇ ವಾರ ಬಳಸಬೇಕಾದ ಇಂಥ ಮಿಶ್ರಣ, ಬಿಳಿ ಬಣ್ಣದ ಹುಚ್ಚಿರುವ ನಮ್ಮ ದೇಶದಲ್ಲಿ 'ಬೆಳ್ಳಗಾಗುವ ಕ್ರೀಮ್' ಆಗಿಬಿಟ್ಟಿತು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಬಿಟ್ಟೊಡನೆ ಉರಿ ಏಳುತ್ತದೆ. ಚರ್ಮವೈದ್ಯರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಕಾನೂನು ಬಂದಿದೆ, ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ.

ಹಾಗೆಂದು ಟ್ರೆಟಿನಾಯಿನ್ ಕೆಟ್ಟದ್ದಲ್ಲ. ವೈದ್ಯರು ಬರೆದುಕೊಟ್ಟರೆ ರಾತ್ರಿ ಬಟಾಣಿ ಕಾಳಿನಷ್ಟು ಸಾಕು. ಹಗಲು ಸನ್‌ಸ್ಕ್ರೀನ್ ಬೇಕೇ ಬೇಕು. ಮೊದಲ ಕೆಲವು ವಾರ ಸಿಪ್ಪೆ ಏಳುವುದು ಸಹಜ. ಗರ್ಭಿಣಿಯರಿಗೆ, ಮಗುವಿಗೆ ಯೋಚಿಸುತ್ತಿರುವವರಿಗೆ ಇದು ಬೇಡ. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಹುಟ್ಟುವ ಮಗುವಿಗೆ ತೀವ್ರ ಅಂಗವೈಕಲ್ಯ ತರಬಲ್ಲದು.

ತಂಗಿಯ ಮುಖ ಈಗ ಸುಧಾರಿಸಿದೆ, ಚರ್ಮವೈದ್ಯರ ಬಳಿ ಆರು ತಿಂಗಳು ಓಡಾಡಿದ ಮೇಲೆ. ಗೆಳತಿಯರೇ, ಹಪ್ಪಳ-ಸಂಡಿಗೆ ಹಂಚಿಕೊಳ್ಳೋಣ, ಸೀರೆ ಹಂಚಿಕೊಳ್ಳೋಣ. ಮುಖದ ಔಷಧಿ ಮಾತ್ರ ಬೇಡ.